ಮ್ಯೂನಿಕ್‌ಗೆ ಬಂದಿಳಿದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಹೊಸದಾಗಿ ಬಂದ ಹುಡುಗರಿಂದ ಫೋನ್ ಬರುವುದು ಮೊದಲ ಸಂಬಳ ಕೈಗೆ ಸಿಕ್ಕ ದಿನ. "ಸರ್, ಇಷ್ಟು ಕಡಿಮೆ ಯಾಕೆ ಬಂದಿದೆ?" ವಿಚಾರಿಸಿದರೆ ತೆರಿಗೆ ಸಂಖ್ಯೆ ಕಂಪನಿಗೆ ಕೊಟ್ಟಿರುವುದಿಲ್ಲ. ಯಾಕೆ ಕೊಟ್ಟಿಲ್ಲ? ಆ ಕಾಗದವೇ ಬಂದಿಲ್ಲ. ಯಾಕೆ ಬಂದಿಲ್ಲ? ಬಾಗಿಲ ಹತ್ತಿರದ ಟಪಾಲು ಡಬ್ಬಿಯ ಮೇಲೆ ಹೆಸರು ಅಂಟಿಸಿರಲಿಲ್ಲ, ಅಷ್ಟೇ.

ಜರ್ಮನಿಯಲ್ಲಿ ಒಂದು ಕಾಗದ ಇನ್ನೊಂದು ಕಾಗದವನ್ನು ಕೇಳುತ್ತದೆ. ಸರದಿ ತಪ್ಪಿದರೆ ಎಲ್ಲವೂ ಸಾಲಾಗಿ ನಿಂತುಬಿಡುತ್ತವೆ. ಇಲ್ಲಿ ಬರೆದಿರುವುದು ಕೆಲಸದ ವೀಸಾದಲ್ಲಿ ಮ್ಯೂನಿಕ್‌ಗೆ ಬರುವವರಿಗೆ. ಬರ್ಲಿನ್, ಸ್ಟುಟ್‌ಗಾರ್ಟ್ ಕಡೆ ಹೋಗುವವರಿಗೂ ಬಹುಪಾಲು ಇದೇ ಲೆಕ್ಕ.

1. ಬೆಂಗಳೂರು ಬಿಡುವ ಮೊದಲು

ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ. ನಮ್ಮಲ್ಲಿ ಬಹಳ ಜನರಿಗೆ ಸರ್‌ನೇಮ್ ಎಂಬುದೇ ಇಲ್ಲ. ಊರು, ಅಪ್ಪನ ಹೆಸರು ಎಲ್ಲ ಇನಿಶಿಯಲ್‌ನಲ್ಲಿ ಮುಗಿದುಹೋಗುತ್ತದೆ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇದ್ದರೆ ಇಲ್ಲಿ ಪ್ರತಿ ಫಾರ್ಮ್‌ನಲ್ಲೂ ತಕರಾರು. ಬ್ಯಾಂಕ್ ಒಂದು ರೀತಿ ಬರೆದುಕೊಳ್ಳುತ್ತದೆ, ವಿಮೆಯವರು ಇನ್ನೊಂದು ರೀತಿ. ಸಮಯ ಇದ್ದರೆ ವೀಸಾಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಸಮಯ ಇಲ್ಲವೇ? ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅದೇ ಕ್ರಮದಲ್ಲಿ, ಎಲ್ಲ ಕಡೆ ಬರೆಯಿರಿ. ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಇನಿಶಿಯಲ್ ಹಾಕಿ ಬರೆಯಬೇಡಿ.

ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಮೂಲಪ್ರತಿಯೇ ಬೇಕು. ಅವು ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ಊರಲ್ಲೇ ಮಾಡಿಸಿಕೊಂಡು ಬನ್ನಿ. ಇಂಗ್ಲಿಷಿನಿಂದ ಜರ್ಮನ್‌ಗೆ ಅನುವಾದ ಮಾಡುವ ಅಧಿಕೃತ ಅನುವಾದಕರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕನ್ನಡದಿಂದ ಮಾಡುವವರನ್ನು ಹುಡುಕುವುದು ಕಷ್ಟ.

ಊರಲ್ಲಿ ಸೈಟು, ಮನೆ, ಕೋರ್ಟು ಅಂತ ಏನಾದರೂ ಬಾಕಿ ಇದ್ದರೆ ನಂಬಿಕಸ್ಥರ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಬನ್ನಿ. ಇಲ್ಲಿಂದ ಮಾಡಿಸಬೇಕೆಂದರೆ ಭಾರತದ ದೂತಾವಾಸಕ್ಕೆ ಅಲೆಯಬೇಕು. ಬ್ಯಾಂಕಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಖಾತೆ ಮಾಡಿಸುವುದನ್ನೂ ಮರೆಯಬೇಡಿ.

ಸೂಟ್‌ಕೇಸ್ ವಿಷಯ ಒಂದೆರಡು ಮಾತು. ತುಪ್ಪ, ಧಾರವಾಡ ಪೇಡೆ, ಹಾಲಿನ ಯಾವ ತಿಂಡಿಯನ್ನೂ ಯೂರೋಪಿನೊಳಗೆ ತರುವ ಹಾಗಿಲ್ಲ. ಹಸಿ ಕರಿಬೇವೂ ಅಷ್ಟೇ. ಸಾಂಬಾರ್ ಪುಡಿ, ಚಟ್ನಿಪುಡಿಗೆ ತೊಂದರೆ ಇಲ್ಲ. ಮಿಕ್ಸಿ ತರಬಹುದು, ಕರೆಂಟ್ 230 ವೋಲ್ಟ್, 50 ಹರ್ಟ್ಜ್, ನಮ್ಮದೇ ಥರ. ಪ್ಲಗ್ ಮಾತ್ರ ಬೇರೆ. ಅರ್ತಿಂಗ್ ಇರುವ ಅಡಾಪ್ಟರ್ ಬೇಕು. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದೇ ತನ್ನಿ. ಇಲ್ಲಿ ಒಲೆ ಎಂದರೆ ಜಾಸ್ತಿ ಕರೆಂಟಿನದೇ, ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

2. ಮೊದಲ ಮನೆ: ಎರಡು ತಿಂಗಳಿಗೆ ಸಾಕು, ಆದರೆ ವಿಳಾಸ ಕೊಡಬೇಕು

ಊರಲ್ಲಿ ಕೂತು ಖಾಯಂ ಮನೆ ಹುಡುಕಬೇಡಿ. ಮೊದಲಿಗೆ ಫರ್ನಿಚರ್ ಸಮೇತದ ಮನೆ ಅಥವಾ ರೂಮು ಒಂದೆರಡು ತಿಂಗಳಿಗೆ ಹಿಡಿಯಿರಿ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಬರಹದಲ್ಲಿ ಕೇಳಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ಆನ್‌ಮೆಲ್ಡುಂಗ್ ಎಂದರೆ ನಾನು ಇಲ್ಲಿ ವಾಸ ಇದ್ದೇನೆ ಎಂದು ನಗರದ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು. ಹೋಟೆಲ್, ಹಾಲಿಡೇ ಮನೆಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ. 200 ಯೂರೋ ಉಳಿಯಿತು ಎಂದು ಅಂಥ ಮನೆ ಹಿಡಿದವರು ಆಮೇಲೆ ಎರಡು ತಿಂಗಳು ಯಾವ ಕಾಗದವೂ ಇಲ್ಲದೆ ಒದ್ದಾಡುತ್ತಾರೆ.

ಅಪಾಯದ ಸೂಚನೆಗಳು ಯಾವಾಗಲೂ ಒಂದೇ ಥರ. ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ಅರ್ಧ. ಮಾಲೀಕರು ಲಂಡನ್‌ನಲ್ಲೋ ಸ್ಪೇನ್‌ನಲ್ಲೋ ಇದ್ದಾರೆ. ಮನೆ ತೋರಿಸಲು ಯಾರೂ ಇಲ್ಲ, ದುಡ್ಡು ಹಾಕಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದೆ. ಪಾಸ್‌ಪೋರ್ಟಿನ ಫೋಟೊ ಮೊದಲೇ ಕಳಿಸಿ ಎನ್ನುತ್ತಾರೆ. ಇದರಲ್ಲಿ ಎರಡು ಕಂಡರೂ ಬಿಟ್ಟುಬಿಡಿ. ಬರೀ ವಿಳಾಸ ಮಾರುವವರೂ ಇದ್ದಾರೆ: "ವಾಸ ಇರಬೇಕಿಲ್ಲ, ಹೆಸರು ಹಾಕಿಸಿಕೊಡುತ್ತೇವೆ" ಎನ್ನುವವರು. ಅದು ಕಾನೂನಿಗೆ ವಿರುದ್ಧ, ದಂಡ ಇದೆ. ವೀಸಾದಲ್ಲಿ ಇರುವವರು ಆ ಗೋಜಿಗೇ ಹೋಗಬಾರದು.

3. ಟಪಾಲು ಡಬ್ಬಿ

ಕೀಲಿ ಕೈಗೆ ಬಂದ ದಿನವೇ ಮಾಡುವ ಕೆಲಸ ಇದು. ಸೂಟ್‌ಕೇಸ್ ಬಿಚ್ಚುವುದು ಆಮೇಲೆ.

ಇಲ್ಲಿನ ಅಪಾರ್ಟ್‌ಮೆಂಟಿಗೆ ಬಾಗಿಲ ನಂಬರ್ ಇರುವುದಿಲ್ಲ. ವಿಳಾಸದಲ್ಲಿ ಬೀದಿ ಮತ್ತು ಕಟ್ಟಡದ ನಂಬರ್ ಮಾತ್ರ. ಇಪ್ಪತ್ತು ಮನೆ ಇರುವ ಕಟ್ಟಡದಲ್ಲಿ ನಿಮ್ಮ ಮನೆ ಯಾವುದೆಂದು ಪೋಸ್ಟಿನವರಿಗೆ ಗೊತ್ತಾಗುವುದು ಡಬ್ಬಿಯ ಮೇಲಿನ ಹೆಸರಿನಿಂದ. ಹೆಸರು ಇಲ್ಲದಿದ್ದರೆ ಕಾಗದ ವಾಪಸ್. ಪಕ್ಕದ ಮನೆಯವರಿಗೆ ಕೊಟ್ಟು ಹೋಗುವುದು, ಫೋನ್ ಮಾಡಿ ಕೇಳುವುದು, ಅದೆಲ್ಲ ನಮ್ಮೂರಿನ ಮಾತು.

ನಾನು ಬಂದಾಗ ಡಬ್ಬಿಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರು ಇತ್ತು. ಕೆಳಗೆ ನನ್ನ ಹೆಸರನ್ನು ಬಾಲ್‌ಪೆನ್‌ನಲ್ಲಿ ಬರೆದು ಸೆಲ್ಲೋಟೇಪ್ ಅಂಟಿಸಿದೆ. ಎರಡು ದಿನ ಮಳೆ ಹೊಡೆದು ಅಕ್ಷರ ಹರಡಿ ಅರ್ಧ ಹೆಸರು ಉಳಿಯಿತು. ಬ್ಯಾಂಕ್ ಕಾರ್ಡು, ಅದರ ಪಿನ್ ಎರಡೂ ವಾಪಸ್ ಹೋದವು. ಬ್ಯಾಂಕಿನಿಂದ ಮತ್ತೆ ಬರಲು ಮೂರು ವಾರ. ಅಷ್ಟು ದಿನ ಅಕ್ಕಿ, ಮೊಸರಿಗೆಲ್ಲ ಸ್ನೇಹಿತನ ಕಾರ್ಡು.

ಹಾಗಾಗಿ ಪ್ರಿಂಟ್ ತೆಗೆದು ಅಂಟಿಸಿ. ಹೆಸರಿನ ಗೊಂದಲ ಇರುವವರು ಎರಡೂ ರೂಪ ಬರೆಯಿರಿ: ಪಾಸ್‌ಪೋರ್ಟಿನ ಪೂರ್ತಿ ಹೆಸರು, ಕೆಳಗೆ ಅಪ್ಪನ ಹೆಸರು ಅಥವಾ ಊರಿನ ಹೆಸರು. ಹೆಂಡತಿಯ ಹೆಸರು ಬೇರೆ ಇದ್ದರೆ ಅದೂ ಬೇಕು. ಕರೆಗಂಟೆಯ ಪಕ್ಕದಲ್ಲೂ ಹೆಸರು ಹಾಕಿ, ಪಾರ್ಸೆಲ್ ತರುವವರು ನೋಡುವುದು ಅದನ್ನೇ. ಬೇರೆಯವರ ಮನೆಯ ರೂಮಿನಲ್ಲಿ ಇದ್ದರೆ ಮಾಲೀಕರನ್ನು ಕೇಳಿ ಅಂಟಿಸಿ.

4. ಆನ್‌ಮೆಲ್ಡುಂಗ್

ಮನೆಗೆ ಬಂದ ಎರಡು ವಾರದೊಳಗೆ ಹೆಸರು ನೋಂದಾಯಿಸಬೇಕು. ಬ್ಯುರ್ಗರ್‌ಬ್ಯೂರೋ ಎಂಬ ನಾಗರಿಕ ಕಚೇರಿಗಳು ಮ್ಯೂನಿಕ್‌ನಲ್ಲಿ ಹಲವು ಕಡೆ ಇವೆ, ದೊಡ್ಡದು ರುಪ್ಪರ್ಟ್ ಬೀದಿಯಲ್ಲಿ. ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಯಾವ ಶಾಖೆಗೆ ಬೇಕಾದರೂ ಹೋಗಬಹುದು. ಮನೆ ಹತ್ತಿರದ್ದೇ ಬೇಕೆಂದು ಕಾಯಬೇಡಿ. ಜಾಗ ಖಾಲಿ ಕಾಣಿಸದಿದ್ದರೆ ಬೆಳಿಗ್ಗೆ ಬೇಗ ಮತ್ತೆ ನೋಡಿ, ರದ್ದಾದವು ಕಾಣಿಸುತ್ತವೆ. ಎರಡು ವಾರ ದಾಟಿದ ದಿನಾಂಕವೇ ಸಿಕ್ಕರೆ ಅದನ್ನೇ ಹಿಡಿದು, ಬುಕ್ ಮಾಡಿದ ಈಮೇಲ್ ಇಟ್ಟುಕೊಳ್ಳಿ.

ತೆಗೆದುಕೊಂಡು ಹೋಗಬೇಕಾದ್ದು: ಎಲ್ಲರ ಪಾಸ್‌ಪೋರ್ಟ್, ತುಂಬಿದ ಫಾರ್ಮ್, ಮದುವೆ ಮತ್ತು ಜನನ ಪ್ರಮಾಣಪತ್ರ, ಮತ್ತು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಈ ಉದ್ದದ ಹೆಸರಿನದು ಮಾಲೀಕರು ಸಹಿ ಮಾಡಿಕೊಡುವ ಒಂದು ಪುಟದ ಪತ್ರ. ಹೆಚ್ಚು ಜನ ತಪ್ಪುವುದು ಇಲ್ಲೇ. ಬಾಡಿಗೆ ಕರಾರು ಪತ್ರ ತೋರಿಸಿದರೆ ನಡೆಯುವುದಿಲ್ಲ. ಕೀಲಿ ಪಡೆಯುವಾಗಲೇ ಈ ಪತ್ರಕ್ಕೂ ಸಹಿ ಮಾಡಿಸಿಕೊಳ್ಳಿ.

ಫಾರ್ಮ್‌ನಲ್ಲಿ ಧರ್ಮ ಯಾವುದು ಎಂಬ ಕಾಲಂ ಇದೆ. ಇದು ತೆರಿಗೆಯ ಪ್ರಶ್ನೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ದಾಖಲಾದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಅದರ ಶೇ 8ರಷ್ಟು ಚರ್ಚ್ ತೆರಿಗೆ ಸಂಬಳದಿಂದ ಹೋಗುತ್ತದೆ. ಮಂಗಳೂರು ಕಡೆಯ ಕ್ರೈಸ್ತ ಸ್ನೇಹಿತರು ಸಂಬಳದ ಚೀಟಿಯಲ್ಲಿ ಇದನ್ನು ನೋಡಿ ಬೆಚ್ಚಿದ್ದನ್ನು ಕಂಡಿದ್ದೇನೆ. ಹಿಂದೂ, ಮುಸ್ಲಿಂ ಧರ್ಮದವರಿಗೆ ಈ ತೆರಿಗೆ ಇಲ್ಲ.

ಕೊಟ್ಟ ಪ್ರಮಾಣಪತ್ರದಲ್ಲಿ ಹೆಸರಿನ ಪ್ರತಿ ಅಕ್ಷರವನ್ನು ಕೌಂಟರಿನಲ್ಲೇ ಓದಿ ನೋಡಿ. ಮುಂದೆ ಎಲ್ಲ ಕಚೇರಿಗೂ ಹೋಗುವುದು ಇದೇ ಹೆಸರು. ಮನೆ ಬದಲಾಯಿಸಿದಾಗೆಲ್ಲ ಇದನ್ನು ಮತ್ತೆ ಮಾಡಿಸಬೇಕು.

5. ತೆರಿಗೆ ಸಂಖ್ಯೆ, ಬ್ಯಾಂಕು, ಆರೋಗ್ಯ ವಿಮೆ

ನೋಂದಣಿ ಆದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಗುರುತಿನ ಸಂಖ್ಯೆ ಟಪಾಲಿನಲ್ಲಿ ಬರುತ್ತದೆ. ಇದು ಜೀವನಪೂರ್ತಿ ಒಂದೇ. ಬಂದ ದಿನವೇ ಕಂಪನಿಗೆ ಕಳಿಸಿ. ತಡವಾದರೆ ಸಂಬಳದಿಂದ ಆರನೇ ತೆರಿಗೆ ವರ್ಗದ ಲೆಕ್ಕದಲ್ಲಿ ಕಡಿತ ಆಗಬಹುದು, ಅದೇ ಎಲ್ಲಕ್ಕಿಂತ ಜಾಸ್ತಿ ಕಡಿತದ ವರ್ಗ. ದುಡ್ಡು ಆಮೇಲೆ ಸರಿಹೊಂದುತ್ತದೆ, ಆದರೆ ಮನೆ ಡಿಪಾಸಿಟ್ ಕಟ್ಟಬೇಕಾದ ತಿಂಗಳಲ್ಲೇ ಹೀಗಾದರೆ ಕಷ್ಟ ಅಲ್ವಾ?

ಮದುವೆಯಾಗಿ ಸಂಸಾರ ಇಲ್ಲೇ ಇದ್ದರೆ, ಒಬ್ಬರದೇ ಸಂಬಳ ಆಗಿದ್ದರೆ, ಮೂರು ಮತ್ತು ಐದನೇ ವರ್ಗ ಕೇಳಬಹುದು. ಸಂಬಳ ಇರುವವರಿಗೆ ಕಡಿತ ಕಡಿಮೆ ಇರುವ ಮೂರು, ಇನ್ನೊಬ್ಬರಿಗೆ ಐದು. ತಾನಾಗಿ ಸಿಗುವುದು ಇಬ್ಬರಿಗೂ ನಾಲ್ಕು. ಕೇಳಿದರೆ ಮಾತ್ರ ಬದಲಾಗುತ್ತದೆ. ಹೆಂಡತಿ ಇನ್ನೂ ಹುಬ್ಬಳ್ಳಿಯಲ್ಲೇ ಇದ್ದರೆ ಈ ಅನುಕೂಲ ಇಲ್ಲ.

ಬ್ಯಾಂಕ್ ಖಾತೆಗೆ ಕೆಲವರು ಪಾಸ್‌ಪೋರ್ಟ್ ಸಾಕು ಎನ್ನುತ್ತಾರೆ, ಕೆಲವರು ನೋಂದಣಿ ಪತ್ರ ಕೇಳುತ್ತಾರೆ. ಖಾತೆ ತೆರೆದ ಮೇಲೆ ಒಂದು ವಿಷಯ ತಿಳಿದಿರಲಿ. ಬಾಡಿಗೆ, ವಿಮೆ, ಕರೆಂಟು ಎಲ್ಲವೂ ಖಾತೆಯಿಂದ ತಾವೇ ಎಳೆದುಕೊಳ್ಳುವ ವ್ಯವಸ್ಥೆ ಇಲ್ಲಿ ಸಾಮಾನ್ಯ. ತಪ್ಪಾಗಿ ಎಳೆದುಕೊಂಡ ದುಡ್ಡನ್ನು ಎಂಟು ವಾರದೊಳಗೆ ಬ್ಯಾಂಕಿನ ಮೂಲಕ ವಾಪಸ್ ಪಡೆಯಬಹುದು. ಖಾತೆಯ ವಿವರ ತಿಂಗಳಿಗೊಮ್ಮೆ ಓದುವ ಅಭ್ಯಾಸ ಮಾಡಿಕೊಳ್ಳಿ.

ವೀಸಾಗೆ ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ಕೆಲಸಕ್ಕೆ ಸೇರಿದ ಮೇಲೆ ಸಾಲದು. ಸರ್ಕಾರಿ ಪದ್ಧತಿಯ ವಿಮೆಯಲ್ಲಿ ಕಂತು ಸಂಬಳದ ಪಾಲು, ಹೆಚ್ಚೂಕಮ್ಮಿ ಅರ್ಧ ಕಂಪನಿ ಕಟ್ಟುತ್ತದೆ. ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಅದರಲ್ಲೇ ಸೇರುತ್ತಾರೆ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. 28ರ ಹುಡುಗನಿಗೆ ಖಾಸಗಿ ಅಗ್ಗ ಎಂದು ಏಜೆಂಟರು ಹಿಂದೆ ಬೀಳುತ್ತಾರೆ. ಮದುವೆ, ಮಗು ಆದ ಮೇಲೆ ಲೆಕ್ಕ ತಿರುಗಿಬೀಳುತ್ತದೆ, ಸರ್ಕಾರಿಗೆ ವಾಪಸ್ ಬರುವುದೂ ಸುಲಭ ಇಲ್ಲ. ಮೊದಲ ವರ್ಷ ಸರ್ಕಾರಿ ಪದ್ಧತಿಯಲ್ಲೇ ಇರಿ ಎಂಬುದು ನನ್ನ ಮಾತು.

ಇದರ ಜೊತೆಗೆ ಹಾಫ್ಟ್‌ಫ್ಲಿಖ್ಟ್ ಎಂಬ ಹೊಣೆಗಾರಿಕೆ ವಿಮೆ ಮಾಡಿಸಿ. ನಿಮ್ಮ ವಾಷಿಂಗ್ ಮೆಷಿನ್ ನೀರು ಕೆಳಗಿನ ಮನೆಗೆ ಇಳಿದರೆ, ಮಗು ಇನ್ನೊಬ್ಬರ ಕಾರಿಗೆ ಸೈಕಲ್ ಗುದ್ದಿದರೆ ನೆರವಿಗೆ ಬರುವುದು ಇದು. ಕಡ್ಡಾಯ ಇಲ್ಲ, ದುಬಾರಿಯೂ ಇಲ್ಲ.

6. ವಾಸದ ಪರವಾನಗಿ

ವೀಸಾ ಮುಗಿಯುವ ದಿನಾಂಕಕ್ಕಿಂತ ಮೊದಲೇ ಪರವಾನಗಿಗೆ ಅರ್ಜಿ ಹೋಗಿರಬೇಕು. ನೋಂದಣಿ ಆದ ವಾರವೇ ಹಾಕಿಬಿಡಿ, ಕಚೇರಿಯ ಕೆಲಸ ನಿಧಾನ. ವೀಸಾ ಮುಗಿದು ಕಾರ್ಡು ಇನ್ನೂ ಬಾರದಿದ್ದರೆ ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್ ಎಂಬ ಮಧ್ಯಂತರ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಮೂರು ಚೌಕಗಳಿವೆ. ಟಿಕ್ ಎಲ್ಲಿ ಬಿದ್ದಿದೆ ನೋಡಿ. ವಿದೇಶಿಯರ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ ಬಿದ್ದಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. 3ನೆಯದಕ್ಕೆ ಬಿದ್ದಿದ್ದರೆ ಹೊರಗೆ ಹೋದವರು ಆ ಪತ್ರ ತೋರಿಸಿ ಒಳಗೆ ಬರುವ ಹಾಗಿಲ್ಲ. ದಸರಾಗೆ ಟಿಕೆಟ್ ಮಾಡಿಸಿ ಆಮೇಲೆ ಈ ಚೌಕ ನೋಡಿದವರು ಇದ್ದಾರೆ.

ಬ್ಲೂ ಕಾರ್ಡ್ (ಪದವೀಧರರಿಗೆ ಕೊಡುವ ಕೆಲಸದ ಪರವಾನಗಿ) ಇರುವವರು 27 ತಿಂಗಳಿಗೆ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಜರ್ಮನ್ ಭಾಷೆ ಬಿ1 ಎಂಬ ಮಧ್ಯಮ ಮಟ್ಟಕ್ಕೆ ಬರುತ್ತಿದ್ದರೆ 21 ತಿಂಗಳಿಗೇ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು ಮೊದಲ ವರ್ಷ ಸುಮ್ನೆ ಕಳೆಯಬೇಡಿ. ಮ್ಯೂನಿಕ್‌ನ ಫೋಲ್ಕ್ಸ್‌ಹೋಖ್‌ಷೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಸಂಜೆ ತರಗತಿಗಳಿವೆ.

7. ಖಾಯಂ ಮನೆ

ಸಂಬಳದ ಚೀಟಿ ಮೂರು ಕೈಗೆ ಬಂದ ಮೇಲೆ ಹುಡುಕಾಟ ಸುಲಭ. ಮಾಲೀಕರು ಕೇಳುವುದು ಕೆಲಸದ ಕರಾರು, ಸಂಬಳದ ಚೀಟಿ, ಷೂಫಾ. ಷೂಫಾ ಎಂದರೆ ಸಾಲ, ಬಾಕಿಗಳ ದಾಖಲೆ, ನಮ್ಮ ಸಿಬಿಲ್ ಇದ್ದಂತೆ. ಹೊಸಬರಿಗೆ ಅದರಲ್ಲಿ ಏನೂ ಇರುವುದಿಲ್ಲ, ಅದನ್ನು ಮೊದಲೇ ಹೇಳಿ ಕಂಪನಿಯ ಪತ್ರ ಜೋಡಿಸಿ. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಜಾಹೀರಾತು ಬಂದ ಅರ್ಧ ಗಂಟೆಯಲ್ಲಿ ಕಳಿಸಿದವರಿಗೆ ಮನೆ ನೋಡುವ ಅವಕಾಶ ಸಿಗುತ್ತದೆ, ರಾತ್ರಿ ಕೂತು ಬರೆದವರಿಗೆ ಇಲ್ಲ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಬರೀ ಬಾಡಿಗೆ. ವಾರ್ಮ್‌ಮೀಟೆ ಎಂದರೆ ಹೀಟಿಂಗ್, ನೀರು, ಕಸ ಎಲ್ಲ ಸೇರಿದ್ದು. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಹೊರಗೆ. ಡಿಪಾಸಿಟ್ ಮೂರು ತಿಂಗಳ ಬರೀ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿನವರಿಗೆ ಇದೊಂದೇ ಸಂತೋಷದ ಸುದ್ದಿ.

ಇನ್ನು ದುಃಖದ್ದು. ಮನೆಯಲ್ಲಿ ಅಡುಗೆಮನೆ ಇಲ್ಲದಿರಬಹುದು. ಕೋಣೆ ಇರುತ್ತದೆ. ಸಿಂಕ್, ಒಲೆ, ಕಪಾಟು ಯಾವುದೂ ಇಲ್ಲ, ಗೋಡೆಯಿಂದ ಎರಡು ನಲ್ಲಿ ಪೈಪು ಮಾತ್ರ ಇಣುಕುತ್ತಿರುತ್ತವೆ. ಹಿಂದಿನವರು ದೀಪವನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ, ಸೂರಿನಿಂದ ವೈರ್ ತೂಗುತ್ತಿರುತ್ತದೆ. ಕರಾರಿನಲ್ಲಿ ಅಡುಗೆಮನೆ ಸೇರಿದೆಯೇ ಎಂದು ಕೇಳಿಕೊಳ್ಳಿ. ಮೊದಲ ರಾತ್ರಿಗೆ ಒಂದು ಟೇಬಲ್ ಲ್ಯಾಂಪ್ ಜೊತೆಗಿರಲಿ.

ಮನೆ ವಹಿಸಿಕೊಳ್ಳುವ ದಿನ ಊಬರ್‌ಗಾಬೆ ಪ್ರೋಟೋಕಾಲ್ ಎಂಬ ಪಟ್ಟಿಗೆ ಸಹಿ ಹಾಕುತ್ತೀರಿ. ಅವಸರ ಬೇಡ. ನೆಲದ ಗೀರು, ಬಾತ್‌ರೂಮಿನ ಬಿರುಕು, ಕಿಟಕಿಯ ಕಲೆ ಎಲ್ಲವನ್ನೂ ಬರೆಸಿ, ಫೋಟೊ ತೆಗೆಯಿರಿ, ಮೀಟರಿನ ಅಂಕಿ ಬರೆದುಕೊಳ್ಳಿ. ಬರೆಸದೇ ಬಿಟ್ಟ ಗೀರು ಬಿಟ್ಟುಹೋಗುವಾಗ ನಿಮ್ಮದಾಗುತ್ತದೆ. ಬಿಡುವಾಗ ಮೂರು ತಿಂಗಳ ನೋಟಿಸ್ ಕೊಡಬೇಕು, ಕಾಗದದ ಮೇಲೆ, ಕೈಸಹಿ ಹಾಕಿ. ಈಮೇಲ್, ವಾಟ್ಸ್ಆ್ಯಪ್ ನಡೆಯುವುದಿಲ್ಲ.

8. ಮನೆಯೊಳಗೆ

ಗೋಡೆಗೆ ಬೂಷ್ಟು ಹಿಡಿಯುವುದು ನಮ್ಮವರ ಮನೆಯಲ್ಲಿ ಮಾಮೂಲಿ. ಕಾರಣ ಸಾರು, ಅನ್ನದ ಹಬೆ, ಒಳಗೇ ಒಣಗಿಸಿದ ಬಟ್ಟೆ, ಚಳಿ ಎಂದು ಮುಚ್ಚಿದ ಕಿಟಕಿ. ಕಿಟಕಿಯನ್ನು ಓರೆಮಾಡಿ ದಿನವಿಡೀ ಬಿಡುವುದರಿಂದ ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ. ಹೀಟರ್ ತಗ್ಗಿಸಿ, ಕಿಟಕಿ ಪೂರ್ತಿ ತೆರೆದು ಐದು-ಹತ್ತು ನಿಮಿಷ ಬಿಡಿ. ದಿನಕ್ಕೆ ಎರಡು ಮೂರು ಸಲ. ಕಿಟಕಿಯ ಮೂಲೆಯಲ್ಲಿ ಬೆಳಿಗ್ಗೆ ನೀರು ನಿಂತಿದ್ದರೆ ಅದೇ ಮೊದಲ ಸೂಚನೆ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಪ್ಯಾಸೇಜಿನ ಸೂರಿನಲ್ಲಿ ಹೊಗೆ ಅಲಾರಂ ಇರುತ್ತದೆ.

ರಾತ್ರಿ 10ರಿಂದ ಬೆಳಿಗ್ಗೆ 6, ಮತ್ತು ಭಾನುವಾರ ಇಡೀ ದಿನ ಸದ್ದು ಮಾಡಬಾರದು. ಡ್ರಿಲ್, ವ್ಯಾಕ್ಯೂಮ್ ಕ್ಲೀನರ್, ಗ್ರೈಂಡರ್ ಶನಿವಾರವೇ ಮುಗಿಸಿ. ಇಡ್ಲಿ ಹಿಟ್ಟು ಸೇರಿ. ಭಾನುವಾರ ಅಂಗಡಿಯೂ ಮುಚ್ಚಿರುತ್ತದೆ, ಹಾಲು ಮೊಸರು ಮುಂಚೆಯೇ ತಂದಿಡಿ. ಮ್ಯೂನಿಕ್‌ನಲ್ಲಿ ಖಾಲಿ ಬಾಟಲಿಗಳ ಗಾಜನ್ನು ಬೀದಿ ಬದಿಯ ಡಬ್ಬಿಗೆ ಹಾಕಬೇಕು, ಅದನ್ನೂ ಭಾನುವಾರ ಹಾಕುವಂತಿಲ್ಲ, ಅದೂ ಸದ್ದೇ.

9. ಬಂದ ಕಾಗದ ಓದುವುದು

ಒಂದು ದಪ್ಪ ಫೈಲು ಕೊಂಡು ಬಂದ ಕಾಗದವನ್ನೆಲ್ಲ ಅದರಲ್ಲಿ ಸೇರಿಸಿ. ಜರ್ಮನ್ ಬಾರದಿದ್ದರೂ ಕೆಲವು ಗುರುತು ಸಾಕು. ಮಾನುಂಗ್ ಎಂದಿದ್ದರೆ ಬಾಕಿ ಕಟ್ಟಿಲ್ಲ ಎಂಬ ಎಚ್ಚರಿಕೆ. ಫ್ರಿಸ್ಟ್ ಎಂದರೆ ಗಡುವು. ಕೋರ್ಟು, ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಅದೇ ದಿನ ತೆರೆಯಿರಿ. ಅದರ ಮೇಲೆ ಪೋಸ್ಟಿನವರು ದಿನಾಂಕ ಬರೆದಿರುತ್ತಾರೆ, ಡಬ್ಬಿಗೆ ಬಿದ್ದ ದಿನದಿಂದಲೇ ಗಡುವು ಎಣಿಕೆ ಶುರು. ನೀವು ಊರಿಗೆ ಹೋಗಿದ್ದಿರಾ ಎಂದು ಯಾರೂ ಕೇಳುವುದಿಲ್ಲ. ರಜೆಗೆ ಹೋಗುವಾಗ ಡಬ್ಬಿಯ ಕೀಲಿಯನ್ನು ಸ್ನೇಹಿತರಿಗೆ ಕೊಟ್ಟು ಹೋಗಿ.

ರೇಡಿಯೋ-ಟಿವಿ ಶುಲ್ಕದ ಕಾಗದ ಎಲ್ಲರಿಗೂ ಬರುತ್ತದೆ. ಮೋಸ ಎಂದು ಹರಿದು ಹಾಕಬೇಡಿ. ಮನೆಗೊಂದರಂತೆ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮೂವರು ಸೇರಿ ಇದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಆ ನಂಬರ್ ಬರೆದು ಉತ್ತರ ಕಳಿಸಿ.

ಮೊಬೈಲ್, ಜಿಮ್ ಕರಾರುಗಳು ಎರಡು ವರ್ಷದ್ದು ಇರಬಹುದು. ಮೊದಲು ಪ್ರೀಪೇಡ್ ಸಿಮ್ ತೆಗೆದುಕೊಳ್ಳಿ. ದೇಶದ ಎಲ್ಲ ಕಡೆ ಸಿಟಿ ಬಸ್ಸು, ಲೋಕಲ್ ರೈಲಿಗೆ ನಡೆಯುವ ಡಾಯಿಚ್‌ಲಾಂಡ್ ಟಿಕೆಟ್ ಪಾಸು 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ತಾನಾಗಿ ಮುಂದುವರಿಯುತ್ತದೆ, ನಿಲ್ಲಿಸಬೇಕಾದರೆ ಆ ತಿಂಗಳ 10ರೊಳಗೆ ಹೇಳಬೇಕು. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ 60 ಯೂರೋ.

ಫ್ರಿಜ್ ಮೇಲೆ ಮೂರು ನಂಬರ್ ಬರೆದು ಅಂಟಿಸಿ: ಆಂಬುಲೆನ್ಸ್, ಬೆಂಕಿಗೆ 112, ಪೊಲೀಸರಿಗೆ 110, ರಾತ್ರಿ ಅಥವಾ ರಜಾದಿನ ಜ್ವರಕ್ಕೆ ಡಾಕ್ಟರು ಬೇಕಿದ್ದರೆ 116117.

10. ಆರು ತಿಂಗಳೊಳಗೆ

ಭಾರತದ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಕಾರು ಓಡಿಸಲು ಬಿಡುವುದು ಇಲ್ಲಿ ವಾಸ ಶುರುವಾದ ಆರು ತಿಂಗಳು ಮಾತ್ರ, ಅದೂ ಅನುವಾದ ಜೊತೆಗಿದ್ದರೆ. ಆಮೇಲೆ ಬರವಣಿಗೆ, ರಸ್ತೆ ಎರಡೂ ಪರೀಕ್ಷೆ ಪಾಸಾಗಬೇಕು. ಹತ್ತು ವರ್ಷ ಸಿಲ್ಕ್ ಬೋರ್ಡಿನಲ್ಲಿ ಓಡಿಸಿದ್ದೇನೆ ಎಂದು ನೇರ ಪರೀಕ್ಷೆಗೆ ಹೋದವರು ಬೀಳುವುದು ಎರಡು ಕಡೆ: ಬಲಗಡೆಯಿಂದ ಬರುವವರಿಗೆ ದಾರಿ ಬಿಡದೆ, ತಿರುಗುವ ಮುನ್ನ ಭುಜದ ಮೇಲಿಂದ ಹಿಂದೆ ನೋಡದೆ. ನಾನು ಬಿದ್ದದ್ದು ಎರಡನೆಯದರಲ್ಲಿ. ಕನ್ನಡಿ ನೋಡಿದೆ ಎಂದೆ. ಪರೀಕ್ಷಕರು ಕಾರು ನಿಲ್ಲಿಸಲು ಹೇಳಿ, ಪಕ್ಕದಲ್ಲೇ ದಾಟಿಹೋದ ಸೈಕಲ್ ಕಡೆ ಬೆರಳು ತೋರಿಸಿದರು. ಮೂರನೇ ತಿಂಗಳಲ್ಲೇ ಅರ್ಜಿ ಹಾಕಿ, ಡ್ರೈವಿಂಗ್ ಶಾಲೆಯಲ್ಲಿ ಐದಾರು ಪಾಠವಾದರೂ ತೆಗೆದುಕೊಳ್ಳಿ.